ಟೇಬಲ್ ಸಾ ಮೇಲೆ ನಿಖರವಾದ ಅಡ್ಡಕೊಯ್ತ: ಬ್ಲೇಡ್ ಹೊಂದಿಸುವುದರಿಂದ ಐದು ಕೊಯ್ತದ ಪರೀಕ್ಷೆಯವರೆಗೆ

ಮೂರಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳತೆ ಹಿಡಿದರೆ ಸರಿಯಾಗಿ ಐದಡಿ ಬರಬೇಕು. ದಾವಣಗೆರೆಯಲ್ಲಿ ನಾನು ಸ್ವಂತ ಕೆಲಸ ಆರಂಭಿಸಿದ ಹೊಸದರಲ್ಲಿ ನಿಟುವಳ್ಳಿ ಕಡೆಯ ಮನೆಯೊಂದಕ್ಕೆ ಮಾಡಿದ ಆರು ಕಿಟಕಿಗಳಲ್ಲಿ ಒಂದು ಕರ್ಣ ಐದಡಿಗಿಂತ ಎರಡು ನೂಲು ಹೆಚ್ಚಿತ್ತು, ಇನ್ನೊಂದು ಎರಡು ನೂಲು ಕಡಿಮೆಯಿತ್ತು. ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿ.ಮೀ. ಲೆಕ್ಕ ಹಾಕಿ ನೋಡಿದಾಗ ಅಷ್ಟೂ ಸೊಟ್ಟಕ್ಕೆ ಕಾರಣವಾಗಿದ್ದದ್ದು ಅಡ್ಡಪಟ್ಟಿಗಳ ತುದಿಯಲ್ಲಿದ್ದ ಸುಮಾರು ಅರ್ಧ ಡಿಗ್ರಿ ವ್ಯತ್ಯಾಸ. ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ಬ್ಲೇಡ್ ಮೇಲೆದ್ದಿರುವ ಗರಗಸ ಯಂತ್ರದಲ್ಲಿ ಕೊಯ್ಯುವಾಗ ಮೈಟರ್ ಗೇಜಿನ (ಮರವನ್ನು ಬೇಕಾದ ಕೋನದಲ್ಲಿ ಹಿಡಿದು ಬ್ಲೇಡಿನತ್ತ ತಳ್ಳುವ ಸಾಧನದ) ಗುರುತು 90ರ ಮೇಲೆಯೇ ಇತ್ತು. ಗುರುತನ್ನು ನಂಬಿದ್ದೇ ನನ್ನ ತಪ್ಪಾಗಿತ್ತು.

ಅಡ್ಡಕೊಯ್ತವೆಂದರೆ ಮರದ ಎಳೆಗೆ ಅಡ್ಡಲಾಗಿ ಹಲಗೆಯನ್ನು ತುಂಡರಿಸುವುದು. ಉದ್ದಕ್ಕೆ ಸೀಳುವಾಗ ಆದ ಸಣ್ಣ ತಪ್ಪನ್ನು ರಂದಾ ಹಾಕಿ ತಿದ್ದಬಹುದು, ಆದರೆ ತುದಿ ಸೊಟ್ಟವಾದರೆ ತಿದ್ದಲು ಉದ್ದವನ್ನೇ ಕಳೆದುಕೊಳ್ಳಬೇಕಾಗುತ್ತದೆ. 600 ಮಿ.ಮೀ. ಅಗಲದ ಹಲಗೆಯ ತುದಿಯಲ್ಲಿ ಕಾಲು ಡಿಗ್ರಿ ತಪ್ಪು 2.6 ಮಿ.ಮೀ. ಆಗುತ್ತದೆ, ಡಿಗ್ರಿಯ ಹತ್ತನೇ ಒಂದು ಭಾಗದ ತಪ್ಪೂ 1 ಮಿ.ಮೀ. ದಾಟುತ್ತದೆ. ಯಾವ ಮೈಟರ್ ಗೇಜಿನ ಗೆರೆಗಳಲ್ಲಿಯೂ ಡಿಗ್ರಿಯ ಹತ್ತನೇ ಭಾಗ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಯಂತ್ರವನ್ನು ಒಂದು ಕ್ರಮದಲ್ಲಿ ಹೊಂದಿಸಿಕೊಂಡು, ಪ್ರತಿ ಹಂತದಲ್ಲಿಯೂ ಕೊಯ್ದ ಮರದಿಂದಲೇ ಪರೀಕ್ಷಿಸಿಕೊಳ್ಳಬೇಕು. ಕ್ರಮ ತಪ್ಪಿದರೆ ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯ ತಪ್ಪಿನಿಂದ ಮುಚ್ಚುತ್ತಾ ಹೋಗುತ್ತೇವೆ.

ಯಂತ್ರ ಮುಟ್ಟುವ ಮುನ್ನ

ಹೊಂದಿಸುವ ಕೆಲಸವನ್ನೆಲ್ಲ ಪ್ಲಗ್ ತೆಗೆದೇ ಮಾಡಬೇಕು, ಸ್ವಿಚ್ ಆರಿಸಿದರಷ್ಟೇ ಸಾಲದು. ಕೊಯ್ಯುವಾಗ ಕಣ್ಣಿಗೆ ಕನ್ನಡಕವಿರಲಿ. ಕೈಗವಸು ಹಾಕಬೇಡಿ, ಏಕೆಂದರೆ ಬಟ್ಟೆಯ ಎಳೆ ಹಲ್ಲಿಗೆ ಸಿಕ್ಕಿದರೆ ಕೈಯನ್ನೇ ಒಳಗೆಳೆಯುತ್ತದೆ. ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಅಂಗಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬ್ಲೇಡಿನ ಹಿಂಬದಿಯಲ್ಲಿರುವ ರೈವಿಂಗ್ ನೈಫ್ ಎಂಬ ತೆಳು ತಗಡನ್ನು ಅನೇಕರು ಅಡ್ಡಿಯೆಂದು ಬಿಚ್ಚಿಡುತ್ತಾರೆ. ಕೊಯ್ದ ಸಂದು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ, ಮರದ ತುಂಡು ಹಿಂದಕ್ಕೆ ಸಿಡಿಯದಂತೆ ತಡೆಯುವುದು ಅದೇ ಆದ್ದರಿಂದ ಅದನ್ನು ಜಾಗದಲ್ಲಿಯೇ ಇರಿಸಿಕೊಳ್ಳಬೇಕು. ಮರವನ್ನು ಯಾವ ಆಧಾರವೂ ಇಲ್ಲದೆ ಬರೀ ಕೈಯಲ್ಲಿ ಹಿಡಿದು ಅಡ್ಡ ಕೊಯ್ಯುವುದು ಎಷ್ಟು ಅನುಭವವಿದ್ದವರಿಗೂ ಸಲ್ಲದು.

ನಮ್ಮ ಕಡೆಯ ಅನೇಕ ಕಾರ್ಯಾಗಾರಗಳಲ್ಲಿ ರಂದಾ ಮತ್ತು ಗರಗಸ ಒಂದೇ ಶಾಫ್ಟಿನ ಮೇಲಿರುವ ಕಂಬೈಂಡ್ ಯಂತ್ರಗಳಿವೆ, ಅವುಗಳ ಮೇಜಿನಲ್ಲಿ ಮೈಟರ್ ಗೇಜ್ ಓಡುವ ಗ್ರೂವ್ ಇಲ್ಲದಿರಬಹುದು. ಅಂಥ ಕಡೆ, ಮೇಜಿನ ಪಕ್ಕದ ಅಂಚನ್ನು ಅಪ್ಪಿಕೊಂಡು ಜಾರುವ ಪಟ್ಟಿಯೊಂದನ್ನು ಸ್ಲೆಡ್ಡಿನ (ಮರವನ್ನು ಹೊತ್ತು ಜಾರುವ ಹಲಗೆಯ) ಅಡಿಗೆ ಹೊಡೆದು ಅದೇ ಕೆಲಸ ಸಾಧಿಸಬಹುದು. ಮೇಜಿನ ಆ ಅಂಚು ನೇರವಾಗಿದ್ದು ಬ್ಲೇಡಿಗೆ ಸಮಾನಾಂತರವಾಗಿರಬೇಕು, ಅಷ್ಟೇ. ಮುಂದೆ ಗ್ರೂವ್ ಎಂದು ಬರೆದಲ್ಲೆಲ್ಲ ಅಂಥವರು ಮೇಜಿನ ಅಂಚು ಎಂದು ಓದಿಕೊಳ್ಳಬಹುದು.

ಬ್ಲೇಡಿನ ಆಯ್ಕೆ

ಹತ್ತು ಇಂಚಿನ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಲು 24 ಹಲ್ಲುಗಳು ಸಾಕು, ಅಡ್ಡಕೊಯ್ತಕ್ಕೆ 60ರಿಂದ 80 ಹಲ್ಲುಗಳಿರಬೇಕು. ಅಡ್ಡಕೊಯ್ತದ ಬ್ಲೇಡಿನ ಹಲ್ಲುಗಳ ತುದಿ ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಓರೆಯಾಗಿರುತ್ತದೆ. ಆ ಓರೆ ಚಾಕುವಿನಂತೆ ಎಳೆಯನ್ನು ಮೊದಲು ಕತ್ತರಿಸುವುದರಿಂದ ಅಂಚು ಸಿಬಿರೇಳುವುದಿಲ್ಲ. ಎರಡೂ ಕೆಲಸಕ್ಕೆ ಒಂದೇ ಬ್ಲೇಡ್ ಇರಬೇಕೆನ್ನುವವರಿಗೆ 40ರಿಂದ 50 ಹಲ್ಲಿನದು ಆಗಬಹುದು, ಆದರೆ ತೇಗದ ತುದಿ ಹೊರಗೆ ಕಾಣುವ ಕೆಲಸಕ್ಕೆ ನಾನು ಅದನ್ನು ಬಳಸುವುದಿಲ್ಲ. ಕೊಳ್ಳುವಾಗ ಬ್ಲೇಡಿನ ಮೇಲೆ ಮುದ್ರಿಸಿದ ಗರಿಷ್ಠ ವೇಗವನ್ನು ನಿಮ್ಮ ಶಾಫ್ಟಿನ ವೇಗದೊಂದಿಗೆ ಹೋಲಿಸಿ ನೋಡಿ. ನಿಮಿಷಕ್ಕೆ 2880 ಸುತ್ತಿನಲ್ಲಿ ಹತ್ತು ಇಂಚಿನ ಬ್ಲೇಡಿನ ಹಲ್ಲು ಸೆಕೆಂಡಿಗೆ ಸುಮಾರು 38 ಮೀಟರ್ ಓಡುತ್ತದೆ, 4000 ಸುತ್ತಿನಲ್ಲಿ ಸುಮಾರು 53 ಮೀಟರ್. ಹಲ್ಲಿಗೆ ಅಂಟಿದ ಮರದ ಮೇಣವನ್ನು ಆಗಾಗ ತೊಳೆಯದಿದ್ದರೆ ಹರಿತವಾದ ಬ್ಲೇಡೂ ಮೊಂಡಾದಂತೆ ವರ್ತಿಸಿ, ಕೊಯ್ದ ತುದಿಯನ್ನು ಸುಡುತ್ತದೆ.

ಮೊದಲ ಹೊಂದಾಣಿಕೆ: ಗ್ರೂವ್‌ಗೆ ಬ್ಲೇಡ್ ಸಮಾನಾಂತರ

ಅಡ್ಡಕೊಯ್ತದ ದಿಕ್ಕನ್ನು ನಿರ್ಧರಿಸುವುದು ಬ್ಲೇಡ್ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಮರ ಚಲಿಸುವುದು ಗ್ರೂವ್ ಹೋದ ಕಡೆಗೆ, ಆದ್ದರಿಂದ ಕೊಯ್ದ ಅಂಚೂ ಗ್ರೂವ್‌ಗೇ ಸಮಾನಾಂತರವಾಗಿ ಬರುತ್ತದೆ. ಬ್ಲೇಡ್ ಓರೆಯಾಗಿದ್ದರೆ ಮುಂಭಾಗದ ಹಲ್ಲು ಕೊಯ್ದ ಜಾಗವನ್ನು ಹಿಂಭಾಗದ ಹಲ್ಲು ಮತ್ತೆ ಉಜ್ಜುತ್ತದೆ. ಆಗ ತುದಿ ಕಪ್ಪಾಗುತ್ತದೆ, ಮೇಲ್ಮುಖದಲ್ಲಿ ಸಿಬಿರೇಳುತ್ತದೆ, ತುಂಡು ಸಿಡಿಯುವ ಅಪಾಯವೂ ಇರುತ್ತದೆ. ಮುಂದಿನ ಎಲ್ಲ ಹೊಂದಾಣಿಕೆಗಳೂ ಗ್ರೂವನ್ನೇ ಆಧಾರವಾಗಿ ಇಟ್ಟುಕೊಳ್ಳುವುದರಿಂದ ಇದು ಮೊದಲು ಮುಗಿಯಬೇಕು.

ಬ್ಲೇಡನ್ನು ಪೂರ್ತಿ ಮೇಲಕ್ಕೆತ್ತಿ, ಒಂದು ಹಲ್ಲಿಗೆ ಮಾರ್ಕರಿನಿಂದ ಗುರುತು ಹಾಕಿ, ಅದನ್ನು ನಿಮ್ಮ ಕಡೆಗೆ ತನ್ನಿ. ಕಾಂಬಿನೇಷನ್ ಮೂಲೆಮಟ್ಟದ ತಲೆಯನ್ನು ಗ್ರೂವಿನ ಪಕ್ಕಕ್ಕೆ ಒತ್ತಿಟ್ಟು, ಅದರ ಪಟ್ಟಿಯ ತುದಿ ಆ ಹಲ್ಲಿಗೆ ತಾಗುವಷ್ಟು ಚಾಚಿ ಬಿಗಿ ಮಾಡಿ. ಈಗ ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಬದಿಗೆ ಒಯ್ದು, ಮೂಲೆಮಟ್ಟವನ್ನೂ ಅಲ್ಲಿಗೆ ಜರುಗಿಸಿ ನೋಡಿ. ಬೇರೆ ಹಲ್ಲಿನಿಂದ ಅಳೆದರೆ ಬ್ಲೇಡಿನ ತಟ್ಟೆಯಲ್ಲಿರುವ ಬಾಗುವಿಕೆಯೂ ಅಳತೆಯೊಳಗೆ ಸೇರಿಕೊಳ್ಳುತ್ತದೆ, ಅದಕ್ಕಾಗಿಯೇ ಒಂದೇ ಹಲ್ಲು. ವ್ಯತ್ಯಾಸ 0.1 ಮಿ.ಮೀ. ಒಳಗಿರಬೇಕು. ಫೀಲರ್ ಗೇಜ್ (ಸಂದು ಅಳೆಯಲು ಬಳಸುವ, ಗೊತ್ತಾದ ದಪ್ಪದ ತೆಳು ಲೋಹದ ಎಸಳುಗಳ ಕಟ್ಟು) ಇಲ್ಲದವರು ಸಾಧಾರಣ ಜೆರಾಕ್ಸ್ ಹಾಳೆಯನ್ನು ಬಳಸಬಹುದು, ಅದರ ದಪ್ಪ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ನಾನು ಫೀಲರ್ ಗೇಜ್ ಹಿಡಿಯಲು ಕಲಿತದ್ದು ಬಡಗಿಗಳಿಂದಲ್ಲ. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇಥ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಒಂದು ಕಪಾಟು ಮಾಡಿಸಿಕೊಳ್ಳಲು ಬಂದಿದ್ದಾಗ, ನನ್ನ ಬ್ಲೇಡಿನ ಮುಂದೆ ಹಿಂದೆ ಫೀಲರ್ ತೂರಿಸಿ ತೋರಿಸಿದ್ದರು. ಮುಂದೆ ತೂರದ ಎಸಳು ಹಿಂದೆ ಸಲೀಸಾಗಿ ತೂರಿತ್ತು.

ತಿದ್ದುವ ವಿಧಾನ ಯಂತ್ರದಿಂದ ಯಂತ್ರಕ್ಕೆ ಬೇರೆ. ದೊಡ್ಡ ಕ್ಯಾಬಿನೆಟ್ ಮಾದರಿಯಲ್ಲಿ ಮೇಜನ್ನು ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ ಮೇಜನ್ನೇ ತಿರುಗಿಸಬೇಕು, ಚಿಕ್ಕ ಯಂತ್ರಗಳಲ್ಲಿ ಮೇಜಿನಡಿಯಲ್ಲಿ ಬ್ಲೇಡನ್ನು ಹೊತ್ತ ಎರಕದ ಬೋಲ್ಟುಗಳನ್ನು ಸಡಿಲಿಸಬೇಕು. ಎರಡರಲ್ಲಿಯೂ ಒಂದು ಬೋಲ್ಟನ್ನು ಅರೆಬಿಗಿಯಾಗಿ ಬಿಟ್ಟು ಉಳಿದವನ್ನು ಸಡಿಲಿಸಿ, ಮರದ ತುಂಡನ್ನು ಅಡ್ಡವಿಟ್ಟು ಮೆಲ್ಲಗೆ ತಟ್ಟಿ ಜರುಗಿಸಬೇಕು. ಬೋಲ್ಟ್ ಬಿಗಿಯುವಾಗಲೇ ಎಷ್ಟೋ ಸಲ ಹೊಂದಾಣಿಕೆ ಜಾರುವುದರಿಂದ, ಬಿಗಿದ ಮೇಲೆ ಮತ್ತೊಮ್ಮೆ ಅಳೆಯದೆ ಮುಂದುವರಿಯಬೇಡಿ.

ಎರಡನೆಯದು: ಮೇಜಿಗೆ ಬ್ಲೇಡ್ ಲಂಬ

ಮೊದಲು ಮೂಲೆಮಟ್ಟವನ್ನೇ ಪರೀಕ್ಷಿಸಿಕೊಳ್ಳಿ. ನೇರ ಅಂಚಿನ ಹಲಗೆಗೆ ಅದನ್ನು ಒತ್ತಿ ಒಂದು ಗೆರೆ ಎಳೆದು, ಮಗುಚಿಟ್ಟು ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಗೆರೆಗಳು ಬೇರೆಯಾದರೆ ನಡುವಿನ ಅಂತರ ಮೂಲೆಮಟ್ಟದ ತಪ್ಪಿನ ಎರಡರಷ್ಟು. ಸರಿಯಿರುವ ಮೂಲೆಮಟ್ಟವನ್ನು ಹಲ್ಲಿಗೆ ತಾಗಿಸದೆ ಎರಡು ಹಲ್ಲುಗಳ ನಡುವಿನ ತಟ್ಟೆಗೆ ಆನಿಸಿ ಬ್ಲೇಡನ್ನು ಲಂಬಕ್ಕೆ ತನ್ನಿ. ನಂತರ ಸುಮಾರು 70 ಮಿ.ಮೀ. ಅಗಲದ, ಎರಡೂ ಅಂಚು ಸಮಾನಾಂತರವಾಗಿರುವ ರೀಪನ್ನು ಅಂಚಿನ ಮೇಲೆ ನಿಲ್ಲಿಸಿ ಕೊಯ್ಯಿರಿ. ಎರಡು ತುಂಡುಗಳನ್ನು ನೇರಪಟ್ಟಿಯೊಂದಕ್ಕೆ ಒತ್ತಿ ಮಲಗಿಸಿ, ಒಂದನ್ನು ಮಾತ್ರ ಮಗುಚಿ ತುದಿಗೆ ತುದಿ ಕೂಡಿಸಿ. ಬೆಳಕಿಗೆ ಹಿಡಿದಾಗ ಸಂದು ಕಂಡರೆ ಅದೂ ತಪ್ಪಿನ ಎರಡರಷ್ಟೇ. ಈ ಮಗುಚುವ ಪರೀಕ್ಷೆಗೆ ಯಾವ ದುಬಾರಿ ಉಪಕರಣವೂ ಬೇಡ.

ಮೈಟರ್ ಗೇಜ್

ಮೈಟರ್ ಗೇಜಿನ ಪಟ್ಟಿ ಗ್ರೂವಿನಲ್ಲಿ ಅಲುಗಾಡುತ್ತಿದ್ದರೆ ಉಳಿದದ್ದೆಲ್ಲ ವ್ಯರ್ಥ. ನನ್ನ ಕಿಟಕಿಗಳನ್ನು ಕೆಡಿಸಿದ್ದು ಇದೇ ಅಲುಗಾಟ. ಪಟ್ಟಿಯ ಪಕ್ಕದಲ್ಲಿ ನಾಲ್ಕಾರು ಕಡೆ ಸೆಂಟರ್ ಪಂಚ್ ಹೊಡೆದರೆ ಕುಳಿಯ ಸುತ್ತ ಲೋಹ ಸ್ವಲ್ಪ ಉಬ್ಬುತ್ತದೆ. ಆ ಉಬ್ಬನ್ನು ಅರದಿಂದ ಸ್ವಲ್ಪಸ್ವಲ್ಪವೇ ಸವೆಸುತ್ತಾ ಹೋಗಿ, ಪಟ್ಟಿ ಸಲೀಸಾಗಿ ಜಾರುವಂತೆ, ಆದರೆ ಪಕ್ಕಕ್ಕೆ ಅಲುಗದಂತೆ ಮಾಡಬೇಕು. ಗೇಜಿನ ಮುಖಕ್ಕೆ ಬ್ಲೇಡನ್ನು ದಾಟಿ ಹೋಗುವಷ್ಟು ಉದ್ದದ ನೇರವಾದ ಮರದ ಪಟ್ಟಿಯನ್ನು ಸ್ಕ್ರೂ ಮಾಡಿ, ಅದರ ಮೇಲೆ 120ರ ಸ್ಯಾಂಡ್ ಪೇಪರ್ ಅಂಟಿಸಿ. ಓರೆ ಹಲ್ಲುಗಳು ಮರವನ್ನು ಪಕ್ಕಕ್ಕೆ ಎಳೆಯುವುದನ್ನು ಸ್ಯಾಂಡ್ ಪೇಪರ್ ತಡೆಯುತ್ತದೆ, ಪಟ್ಟಿ ಹಿಂಬದಿಯಲ್ಲಿ ಎಳೆಗೆ ಆಸರೆಯಾಗಿ ಸಿಬಿರನ್ನು ತಡೆಯುತ್ತದೆ. 200 ಮಿ.ಮೀ. ಅಗಲದ ಪ್ಲೈವುಡ್ ತುಂಡನ್ನು ಕೊಯ್ದು ಮೇಲೆ ಹೇಳಿದಂತೆ ಮಗುಚಿ ನೋಡಿದರೆ ಗೇಜ್ ನಿಜವಾಗಿ 90ರಲ್ಲಿದೆಯೇ ಎಂಬುದು ತಿಳಿಯುತ್ತದೆ.

ಕಿರಿದಾದ ರೀಪುಗಳಿಗೆ ಇಷ್ಟು ಸಾಕು. ಅಗಲದ ಹಲಗೆಗೆ ಮತ್ತು ಒಂದೇ ಅಳತೆಯ ಹತ್ತಾರು ತುಂಡುಗಳಿಗೆ ಸ್ಲೆಡ್ ಮಾಡಿಕೊಳ್ಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಲೆಡ್ ಮಾಡುವ ವಿಧಾನ

ಸ್ಲೆಡ್ ಎಂದರೆ ಎರಡೂ ಗ್ರೂವ್‌ಗಳಲ್ಲಿ ಒಟ್ಟಿಗೆ ಜಾರುವ ಒಂದು ಹಲಗೆ. ಮರ ಅದರ ಮೇಲೆ ಕುಳಿತು ಅದರೊಡನೆಯೇ ಚಲಿಸುವುದರಿಂದ ಮರಕ್ಕೂ ಮೇಜಿಗೂ ತಿಕ್ಕಾಟವಿರುವುದಿಲ್ಲ. ತಳಕ್ಕೆ 750 ಮಿ.ಮೀ. ಅಗಲ, 600 ಮಿ.ಮೀ. ಆಳದ, ಬಾಗಿಲ್ಲದ 12 ಮಿ.ಮೀ. ಪ್ಲೈವುಡ್ ತೆಗೆದುಕೊಳ್ಳಿ.

ಜಾರುವ ಪಟ್ಟಿಗಳಿಗೆ ಚೆನ್ನಾಗಿ ಒಣಗಿದ ತೇಗ ಅಥವಾ ಹೊನ್ನೆ ಒಳ್ಳೆಯದು. ಮರದ ವಾರ್ಷಿಕ ಉಂಗುರಗಳು ಪಟ್ಟಿಯ ಅಗಲಕ್ಕೆ ಲಂಬವಾಗಿ ನಿಲ್ಲುವಂತೆ ಸೀಳಿಕೊಂಡರೆ ಮಳೆಗಾಲದಲ್ಲಿ ಅದು ಅಗಲಕ್ಕೆ ಉಬ್ಬುವುದು ಕಡಿಮೆ. ಪಟ್ಟಿ ಗ್ರೂವಿನಲ್ಲಿ ಬೆರಳಿನಿಂದ ತಳ್ಳಿದರೆ ಜಾರಬೇಕು, ಪಕ್ಕಕ್ಕೆ ಅಲುಗಬಾರದು, ಅದರ ಎತ್ತರ ಗ್ರೂವಿನ ಆಳಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಗ್ರೂವಿನ ತಳದಲ್ಲಿ ಅಲ್ಲಲ್ಲಿ ನಾಣ್ಯಗಳನ್ನಿಟ್ಟು ಅವುಗಳ ಮೇಲೆ ಪಟ್ಟಿಗಳನ್ನಿರಿಸಿದರೆ ಅವು ಮೇಜಿಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತವೆ. ಪಟ್ಟಿಗಳ ಬೆನ್ನಿಗೆ ಫೆವಿಕಾಲ್ ಹಚ್ಚಿ, ತಳದ ಪ್ಲೈವುಡ್ಡನ್ನು ಉದ್ದ ಸೀಳುವ ಫೆನ್ಸಿಗೆ (ಸೀಳುವಾಗ ಮರ ಆನಿಸಿ ತಳ್ಳುವ, ಮೇಜಿನ ಮೇಲಿನ ನೇರ ಪಟ್ಟಿಗೆ) ಆನಿಸಿ ನೇರ ಮಾಡಿ, ಮೇಲೆ ತೂಕವಿಟ್ಟು ಒಣಗಲು ಬಿಡಿ. ಒಣಗಿದ ಮೇಲೆ ಮೇಲಿನಿಂದ ತೂತು ಕೊರೆದು ಸ್ಕ್ರೂ ಹಾಕಿ. ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ಪಟ್ಟಿ ಆ ಜಾಗದಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಬಿಗಿಯಾದ ಜಾಗದಲ್ಲಿ ಪಟ್ಟಿ ಉಜ್ಜಿ ಕಪ್ಪಾಗಿರುತ್ತದೆ, ಅಷ್ಟನ್ನು ಮಾತ್ರ ಹೆರೆದು ಮೇಣದ ಬತ್ತಿ ತಿಕ್ಕಬೇಕು. ಎಣ್ಣೆ ಹಾಕಬೇಡಿ, ಅದು ಹೊಟ್ಟನ್ನು ಹಿಡಿದುಕೊಳ್ಳುವುದಲ್ಲದೆ ಕೊಯ್ಯುವ ಮರಕ್ಕೂ ಕಲೆಯಾಗುತ್ತದೆ.

ಮುಂಭಾಗದ, ಅಂದರೆ ನಿಮ್ಮಿಂದ ದೂರದ ಅಡ್ಡಪಟ್ಟಿಯ ಕೆಲಸ ಬ್ಲೇಡ್ ಸೀಳುವ ತಳವನ್ನು ಒಂದಾಗಿ ಹಿಡಿದಿಡುವುದಷ್ಟೇ, ಅದು ಲಂಬವಾಗಿರಬೇಕಿಲ್ಲ. ನಿಮ್ಮ ಕಡೆಯ ಅಡ್ಡಪಟ್ಟಿ, ಅಂದರೆ ಸ್ಲೆಡ್ಡಿನ ಫೆನ್ಸ್ ಮಾತ್ರ ಎಲ್ಲ ನಿಖರತೆಯನ್ನೂ ಹೊರುತ್ತದೆ. 18 ಮಿ.ಮೀ. ಪ್ಲೈವುಡ್ಡಿನ ಎರಡು ಪಟ್ಟಿಗಳನ್ನು ಅಂಟಿಸಿ 36 ಮಿ.ಮೀ. ದಪ್ಪ ಮಾಡಿ, ನೇರಪಟ್ಟಿಯಿಂದ ಪರೀಕ್ಷಿಸಿ. ಇದರ ಬಲ ತುದಿಯಲ್ಲಿ ಒಂದೇ ಸ್ಕ್ರೂ ಹಾಕಿ ಅದು ಕೀಲಿನಂತಿರಲಿ, ಎಡ ತುದಿಯನ್ನು ಮೂಲೆಮಟ್ಟದಿಂದ ಅಂದಾಜು ಹೊಂದಿಸಿ ಕ್ಲಾಂಪಿನಿಂದ ಮಾತ್ರ ಹಿಡಿಸಿ. ಬ್ಲೇಡ್ ಹೊರಬರುವ ಜಾಗದಲ್ಲಿ ಫೆನ್ಸಿನ ಬೆನ್ನಿಗೆ ದಪ್ಪನೆಯ ಮರದ ದಿಮ್ಮಿಯೊಂದನ್ನು ಅಂಟಿಸುವುದನ್ನು ಮರೆಯಬೇಡಿ. ಸ್ಲೆಡ್ ತಳ್ಳುವ ಕೈಯ ಹೆಬ್ಬೆರಳು ಸಹಜವಾಗಿ ಹೋಗಿ ಕೂರುವುದು ಅಲ್ಲಿಯೇ. ದಿಮ್ಮಿಗೆ ಕೆಂಪು ಬಣ್ಣ ಬಳಿದರೆ ಇನ್ನೂ ಒಳ್ಳೆಯದು.

ಐದು ಕೊಯ್ತದ ಪರೀಕ್ಷೆ

ಸ್ಲೆಡ್ಡಿನ ಫೆನ್ಸನ್ನು ಮೂಲೆಮಟ್ಟದಿಂದ ಅಂತಿಮವಾಗಿ ಹೊಂದಿಸಲು ಹೋಗಬೇಡಿ, ಒಂದು ಅಡಿಯ ಮೂಲೆಮಟ್ಟದ ಕಣ್ಣಿಗೆ ಕಾಣದ ತಪ್ಪು ಎರಡು ಅಡಿಯ ಹಲಗೆಯಲ್ಲಿ ಕಂಡೇ ಕಾಣುತ್ತದೆ. ಐದು ಕೊಯ್ತದ ಪರೀಕ್ಷೆ ತಪ್ಪನ್ನು ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಸುಮಾರು 420 ಮಿ.ಮೀ. ಚೌಕದ ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ತುಂಡಿನ ನಾಲ್ಕು ಅಂಚುಗಳಿಗೆ 1ರಿಂದ 4ರವರೆಗೆ ಸಂಖ್ಯೆ ಬರೆಯಿರಿ. ತುಂಡನ್ನು ಬ್ಲೇಡಿನ ಎಡಕ್ಕಿಟ್ಟು ಒಂದನೇ ಅಂಚಿನಿಂದ ತೆಳುವಾಗಿ ಕೊಯ್ಯಿರಿ. ಈಗ ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದರೆ ಆಗಷ್ಟೇ ಕೊಯ್ದ ಅಂಚು ಫೆನ್ಸಿಗೆ ಬರುತ್ತದೆ. ಎರಡನೇ ಅಂಚನ್ನು ಕೊಯ್ಯಿರಿ, ಹೀಗೆಯೇ ಮೂರು, ನಾಲ್ಕು. ಪ್ರತಿ ಸಲವೂ ಹೊಸದಾಗಿ ಕೊಯ್ದ ಅಂಚೇ ಫೆನ್ಸಿಗೆ ತಾಗಬೇಕು, ನಡುವೆ ಹೊಟ್ಟಿನ ಕಣವೂ ಇರಬಾರದು. ಐದನೇ ಕೊಯ್ತದಲ್ಲಿ ಮತ್ತೆ ಒಂದನೇ ಅಂಚಿಗೆ ಬಂದು, ಈ ಸಲ ಸುಮಾರು 25 ಮಿ.ಮೀ. ಅಗಲದ ಪಟ್ಟಿಯನ್ನು ಕೊಯ್ದು ತೆಗೆಯಿರಿ. ಕೊಯ್ಯುವ ಮೊದಲೇ ಆ ಪಟ್ಟಿಯ ಮೇಲೆ ಫೆನ್ಸಿನಿಂದ ದೂರದ ತುದಿಗೆ ‘ಅ’ ಎಂದೂ ಫೆನ್ಸಿಗೆ ತಾಗಿದ ತುದಿಗೆ ‘ಬ’ ಎಂದೂ ಬರೆದುಕೊಳ್ಳಬೇಕು, ಆಮೇಲೆ ಯಾವುದು ಯಾವುದೆಂದು ನೆನಪಾಗುವುದಿಲ್ಲ.

ಪಟ್ಟಿಯ ಎರಡು ತುದಿಗಳ ಅಗಲವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಉದಾಹರಣೆಗೆ ‘ಅ’ ತುದಿ 25.60, ‘ಬ’ ತುದಿ 25.20 ಮಿ.ಮೀ. ಇದೆ ಎನ್ನೋಣ. ವ್ಯತ್ಯಾಸ 0.40. ಇದು ನಾಲ್ಕು ಕೊಯ್ತಗಳ ತಪ್ಪು ಒಟ್ಟಾದದ್ದು, ಆದ್ದರಿಂದ ನಾಲ್ಕರಿಂದ ಭಾಗಿಸಿದರೆ 0.10. ಪಟ್ಟಿಯ ಉದ್ದ 400 ಮಿ.ಮೀ. ಇದ್ದರೆ ಪ್ರತಿ ಮಿಲಿಮೀಟರಿಗೆ 0.00025 ತಪ್ಪು. ಕೀಲಿನ ಸ್ಕ್ರೂನಿಂದ ನೀವು ಜರುಗಿಸುವ ಎಡ ತುದಿಯ ಬಿಂದುವಿಗೆ 600 ಮಿ.ಮೀ. ಇದ್ದರೆ, ಅಲ್ಲಿ ಫೆನ್ಸನ್ನು 0.15 ಮಿ.ಮೀ. ಜರುಗಿಸಬೇಕು.

ಯಾವ ಕಡೆಗೆ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಫೆನ್ಸ್ ನಿಮ್ಮ ಕಡೆಗಿದ್ದು, ತುಂಡು ಬ್ಲೇಡಿನ ಎಡಕ್ಕಿದ್ದು, ಕೀಲು ಬಲ ತುದಿಯಲ್ಲಿದ್ದಾಗ, ದೂರದ ‘ಅ’ ತುದಿ ಅಗಲವಾಗಿದ್ದರೆ ಫೆನ್ಸಿನ ಎಡ ತುದಿ ಮುಂದಕ್ಕೆ ಹೋಗಿದೆ ಎಂದರ್ಥ, ಅದನ್ನು ನಿಮ್ಮ ಕಡೆಗೆ ಎಳೆದುಕೊಳ್ಳಬೇಕು. ‘ಬ’ ತುದಿ ಅಗಲವಾಗಿದ್ದರೆ ಮುಂದಕ್ಕೆ ತಳ್ಳಬೇಕು. ಎಳೆದುಕೊಳ್ಳಬೇಕಾದಾಗ ಫೆನ್ಸಿನ ಬೆನ್ನಿಗೆ 0.15ರ ಫೀಲರ್ ಎಸಳನ್ನು ನಡುವಿಟ್ಟು ಒಂದು ಮರದ ತುಂಡನ್ನು ತಳಕ್ಕೆ ಕ್ಲಾಂಪ್ ಮಾಡಿ, ಎಸಳನ್ನು ತೆಗೆದು, ಫೆನ್ಸಿನ ಕ್ಲಾಂಪ್ ಸಡಿಲಿಸಿ ಅದನ್ನು ಆ ತುಂಡಿಗೆ ತಾಗುವವರೆಗೆ ಎಳೆಯಿರಿ. ತಳ್ಳಬೇಕಾದಾಗ ತುಂಡನ್ನು ಮೊದಲೇ ತಾಗಿಸಿ ಕ್ಲಾಂಪ್ ಮಾಡಿ, ನಂತರ ಎಸಳನ್ನು ನಡುವೆ ತೂರಿಸಿ. ಮತ್ತೆ ಐದು ಕೊಯ್ತ ಕೊಯ್ದು ಅಳೆಯಿರಿ. 400 ಮಿ.ಮೀ. ಪಟ್ಟಿಯಲ್ಲಿ ಎರಡು ತುದಿಗಳ ವ್ಯತ್ಯಾಸ 0.1 ಮಿ.ಮೀ. ಒಳಗೆ ಬಂದರೆ ನಿಲ್ಲಿಸಿ, ಉಳಿದ ಸ್ಕ್ರೂಗಳನ್ನು ಹಾಕಿ. ಸ್ಕ್ರೂ ಹಾಕಿದ ಮೇಲೆ ಕೊನೆಯ ಒಂದು ಪರೀಕ್ಷೆ ಇರಲಿ.

ಹಲಗೆ ಮತ್ತು ಕೊಯ್ತ

ಸ್ಲೆಡ್ ಎಷ್ಟೇ ಸರಿಯಿದ್ದರೂ ಅದು ಹಲಗೆಯ ಅಂಚನ್ನು ನೋಡಿಯೇ ಕೊಯ್ಯುತ್ತದೆ. ಅಂಚು ಡೊಂಕಾಗಿದ್ದರೆ ತುದಿಯೂ ಡೊಂಕು. ಆದ್ದರಿಂದ ಮೊದಲು ಒಂದು ಮುಖ, ಒಂದು ಅಂಚನ್ನು ರಂದಾ ಹಾಕಿ ನೇರ ಮಾಡಿ ಗುರುತು ಹಾಕಿಕೊಳ್ಳಿ, ಎರಡೂ ತುದಿ ಕೊಯ್ಯುವಾಗ ಅದೇ ಅಂಚು ಫೆನ್ಸಿಗೆ ಬರಲಿ. ಮಲೆನಾಡಿನ ಕಡೆಯಿಂದ ಬಂದ ಮರವನ್ನು ದಾವಣಗೆರೆ, ಚಿತ್ರದುರ್ಗದ ಒಣ ಹವೆಯಲ್ಲಿ ಬಂದ ದಿನವೇ ಕೊಯ್ದರೆ ಆ ನೇರ ಅಂಚು ಬೇಸಿಗೆಯಲ್ಲಿ ನೇರವಾಗಿ ಉಳಿಯುವುದಿಲ್ಲ. ನಡುವೆ ಗಾಳಿಯಾಡುವಂತೆ ಪಟ್ಟಿಗಳನ್ನಿಟ್ಟು ಶೆಡ್ಡಿನೊಳಗೆ ಕೆಲವು ವಾರ ಪೇರಿಸಿಡಿ. ಒಣಗುವಾಗ ಮರ ಕುಗ್ಗುವುದು ಮುಖ್ಯವಾಗಿ ಅಗಲಕ್ಕೆ. ಹಸಿಯಿಂದ ಪೂರ್ತಿ ಒಣಗುವವರೆಗೂ ಉದ್ದದಲ್ಲಿ ಕುಗ್ಗುವುದು ಸಾಮಾನ್ಯವಾಗಿ ಶೇ. 0.1ರಿಂದ 0.2ರಷ್ಟು ಮಾತ್ರ.

ಗುರುತಿಗೆ ದಪ್ಪ ಪೆನ್ಸಿಲ್ ಬೇಡ, ಚೂಪಾದ ಚಾಕುವಿನ ಗೀರು ಸಾಕು. ಬ್ಲೇಡಿನ ಕೊಯ್ತವೇ 2.4ರಿಂದ 3.2 ಮಿ.ಮೀ. ಅಗಲವಿರುವುದರಿಂದ ಬ್ಲೇಡ್ ಯಾವಾಗಲೂ ಗೀರಿನ ಬೇಡದ ಕಡೆಯಲ್ಲಿರಬೇಕು. ಬ್ಲೇಡಿನ ಹಲ್ಲುಗಳ ಬುಡ ಮರದ ಮೇಲ್ಮುಖಕ್ಕಿಂತ ಸ್ವಲ್ಪವೇ ಮೇಲಿರಲಿ. ಬ್ಲೇಡಿನ ಸಾಲಿಗೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ನಿಂತು, ಮರವನ್ನು ಫೆನ್ಸಿಗೆ ಒತ್ತಿ ಹಿಡಿದು, ಒಂದೇ ವೇಗದಲ್ಲಿ ತಳ್ಳಿ. ನಡುವೆ ನಿಂತರೆ ಅಲ್ಲಿ ಸುಟ್ಟ ಗುರುತು ಬೀಳುತ್ತದೆ. ಉದ್ದವಾದ ಹಲಗೆಯ ಹೊರಚಾಚಿದ ತುದಿಗೆ ಸ್ಲೆಡ್ಡಿನ ತಳದಷ್ಟೇ ಎತ್ತರದ ಆಸರೆ ಬೇಕು, ಇಲ್ಲದಿದ್ದರೆ ಅದರ ಭಾರಕ್ಕೆ ಇನ್ನೊಂದು ತುದಿ ಏಳುತ್ತದೆ. ಎಂಟಡಿಯ ಪೂರ್ತಿ ಪ್ಲೈವುಡ್ ಹಾಳೆಯನ್ನು ಸ್ಲೆಡ್ಡಿಗೇರಿಸುವ ಸಾಹಸ ಬೇಡ. ಅದನ್ನು ಮೊದಲು ಕೈ ಯಂತ್ರದಿಂದ ಅಂದಾಜಿಗೆ ತುಂಡು ಮಾಡಿಕೊಳ್ಳಬೇಕು.

ಒಂದೇ ಅಳತೆಯ ತುಂಡುಗಳು ಬೇಕಾದಾಗ ಪ್ರತಿಯೊಂದನ್ನೂ ಟೇಪಿನಿಂದ ಅಳೆದರೆ ಪ್ರತಿಯೊಂದೂ ಬೇರೆಯಾಗುತ್ತದೆ. ಸ್ಲೆಡ್ಡಿನ ಫೆನ್ಸಿಗೆ ತಡೆಕಟ್ಟಿಗೆಯೊಂದನ್ನು ಕ್ಲಾಂಪ್ ಮಾಡಿ, ಮರದ ತುದಿಯನ್ನು ಅದಕ್ಕೆ ತಾಗಿಸಿ ಕೊಯ್ಯಿರಿ. ತಡೆಕಟ್ಟಿಗೆಯ ಕೆಳ ಮೂಲೆಯನ್ನು ಸ್ವಲ್ಪ ಕತ್ತರಿಸಿಟ್ಟರೆ ಹೊಟ್ಟು ಅಲ್ಲಿ ಸೇರಿಕೊಂಡು ಅಳತೆ ಕೆಡಿಸುವುದಿಲ್ಲ. ಉದ್ದ ಸೀಳುವ ಫೆನ್ಸನ್ನೇ ತಡೆಯಾಗಿ ಬಳಸಿ ಮೈಟರ್ ಗೇಜಿನಿಂದ ತಳ್ಳುವ ಅಭ್ಯಾಸವನ್ನು ಕೂಡಲೇ ಬಿಡಬೇಕು, ಏಕೆಂದರೆ ಕತ್ತರಿಸಿದ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿ ಸಿಡಿಯುತ್ತದೆ. ಅದನ್ನೇ ಬಳಸಬೇಕಾದರೆ, ಬ್ಲೇಡಿಗಿಂತ ಸಾಕಷ್ಟು ಹಿಂದೆ, ನಿಮ್ಮ ಕಡೆಗೆ, ಫೆನ್ಸಿಗೆ ಒಂದು ದಪ್ಪ ಕಟ್ಟಿಗೆ ಕ್ಲಾಂಪ್ ಮಾಡಿ, ಮರದ ತುದಿ ಅದನ್ನು ದಾಟಿದ ಮೇಲಷ್ಟೇ ಬ್ಲೇಡ್ ಮುಟ್ಟುವಂತೆ ನೋಡಿಕೊಳ್ಳಿ. ಬ್ಲೇಡಿನ ಪಕ್ಕದಲ್ಲಿ ಬಿದ್ದ ಚೂರುಗಳನ್ನು ಬ್ಲೇಡ್ ಪೂರ್ತಿ ನಿಂತ ಮೇಲೆ ತೆಗೆಯಬೇಕು.

ಮುಂಗಾರು ಹಿಡಿದ ಜೂನ್, ಜುಲೈನಲ್ಲಿ ಸ್ಲೆಡ್ ಬಿಗಿಯಾದರೆ ಪಟ್ಟಿಗಳನ್ನು ತಕ್ಷಣ ಹೆರೆಯಬೇಡಿ, ಬೇಸಿಗೆ ಬಂದಾಗ ಅದೇ ಸ್ಲೆಡ್ ಅಲುಗಾಡುತ್ತದೆ. ಮೊದಲು ಮೇಣ ತಿಕ್ಕಿ ನೋಡಿ. ನಾನು ಮಳೆಗಾಲದ ಆರಂಭಕ್ಕೊಮ್ಮೆ, ಚಳಿಗಾಲ ಮುಗಿದ ಮೇಲೊಮ್ಮೆ ಐದು ಕೊಯ್ತದ ಪರೀಕ್ಷೆಯನ್ನು ಮಾಡಿ, ಪಟ್ಟಿಯ ಮೇಲೆ ತಾರೀಖು ಮತ್ತು ಎರಡು ತುದಿಗಳ ಅಳತೆಯನ್ನು ಬರೆದು ಗೋಡೆಗೆ ತೂಗುಹಾಕುತ್ತೇನೆ.